ಡಿಒಐ ಇದ್ದ ಮಾತ್ರಕ್ಕೆ ಪ್ರಕಟವಾದಂತಲ್ಲ

ಎಐ ಕುರಿತ ಪ್ರಾಜೆಕ್ಟ್ ವರದಿ, ಪಿಎಚ್‌ಡಿ ಸಾರಲೇಖ ಯಾವುದನ್ನೇ ತಿದ್ದಲು ಕೂತರೂ ಆಕರಪಟ್ಟಿಯಲ್ಲಿ ಇಂಥದೊಂದು ಸಾಲು ಇದ್ದೇ ಇರುತ್ತದೆ: ‘ಜರ್ನಲ್: ಸಿಒಆರ್‌ಆರ್, ಸಂಪುಟ: ಎಬಿಎಸ್/1706.03762’. ಅಂಥ ಜರ್ನಲ್ ಇಲ್ಲ ಮಾರಾಯ್ರೆ. ಸಿಒಆರ್‌ಆರ್ ಎನ್ನುವುದು ಆರ್ಕೈವ್ ಎಂಬ ಪ್ರಿಪ್ರಿಂಟ್ (ತಜ್ಞರ ವಿಮರ್ಶೆಗೆ ಮೊದಲೇ ಹಂಚಿಕೊಂಡ ಪ್ರಬಂಧ) ಭಂಡಾರದ ಕಂಪ್ಯೂಟರ್ ವಿಜ್ಞಾನ ವಿಭಾಗದ ಹೆಸರು. ಕಂಪ್ಯೂಟರ್ ವಿಜ್ಞಾನದ ಪ್ರಬಂಧಗಳನ್ನು ಪಟ್ಟಿ ಮಾಡುವ ಡಿಬಿಎಲ್‌ಪಿ ಸೂಚಿಯಿಂದ ಬಿಬ್‌ಟೆಕ್ಸ್, ಅಂದರೆ ಸಿದ್ಧ ಆಕರ ನಮೂದು, ಎತ್ತಿ ಹಾಗೇ ಅಂಟಿಸಿದರೆ ಹೀಗಾಗುತ್ತದೆ.

ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಲಾಸ್ ಅಲಮೋಸ್‌ನಲ್ಲಿ ಭೌತವಿಜ್ಞಾನಿಗಳಿಗಾಗಿ ತೆರೆದ ಭಂಡಾರ ಈ ಆರ್ಕೈವ್. ಅಲ್ಲಿನ ಮಾಡರೇಟರುಗಳು ನೋಡುವುದು ಪ್ರಬಂಧ ಯಾವ ವಿಷಯಕ್ಕೆ ಸೇರಿದ್ದು, ಸಂಶೋಧನೆಯ ಸ್ವರೂಪದಲ್ಲಿದೆಯೇ ಎಂಬುದನ್ನು. ಪ್ರಯೋಗ ಸರಿಯೇ, ಅಂಕಿ ನಿಜವೇ ಎಂಬ ವಿಮರ್ಶೆ ಅಲ್ಲಿ ನಡೆಯುವುದಿಲ್ಲ.

‘ಡಿಒಐ ಇದೆಯಲ್ಲ ಸರ್?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಡಿಒಐ ಎಂದರೆ ಪ್ರಬಂಧಕ್ಕೆ ಅಂತರ್ಜಾಲದಲ್ಲಿ ಸಿಗುವ ಶಾಶ್ವತ ಗುರುತಿನ ಸಂಖ್ಯೆ. 2022ರಿಂದ ಆರ್ಕೈವ್ ತನ್ನ ಪ್ರಿಪ್ರಿಂಟುಗಳಿಗೆ ತಾನೇ ಡಿಒಐ ಕೊಡುತ್ತಿದೆ. ಅದು 10.48550 ಎಂದು ಶುರುವಾದರೆ ನಿಮ್ಮ ಕೈಲಿರುವುದು ಪ್ರಿಪ್ರಿಂಟ್, ಅಷ್ಟೇ. ಮನೆಗೆ ಡೋರ್ ನಂಬರ್ ಬಿದ್ದರೆ ಒಳಗಿನ ವೈರಿಂಗ್ ಸರಿಯಿದೆ ಎಂದಾಯಿತೇ?

ಎಂಐಟಿಯ ವಿದ್ಯಾರ್ಥಿಯೊಬ್ಬರು 2024ರ ಕೊನೆಯಲ್ಲಿ ಏರಿಸಿದ ಪ್ರಬಂಧವನ್ನೇ ನೋಡಿ. ಎಐ ಬಳಸಿದ ವಿಜ್ಞಾನಿಗಳು ಹೆಚ್ಚು ಹೊಸ ವಸ್ತುಗಳನ್ನು ಕಂಡುಹಿಡಿದರು ಎಂಬುದು ಅದರ ವಾದ. ಪತ್ರಿಕೆಗಳೂ ಹೊತ್ತು ತಿರುಗಿದವು. 2025ರ ಮೇನಲ್ಲಿ ಎಂಐಟಿಯೇ ಆ ದತ್ತಾಂಶದ ಮೇಲೆ ನಮಗೆ ನಂಬಿಕೆಯಿಲ್ಲ ಎಂದು ಹೇಳಿ, ಪ್ರಬಂಧವನ್ನು ಹಿಂಪಡೆಯುವಂತೆ ಕೇಳಿತು.

ಹಾಗಾದರೆ ಮಾಡುವುದೇನು? ಆರ್ಕೈವ್ ಪುಟದಲ್ಲಿ ‘ಕಾಮೆಂಟ್ಸ್’ ಸಾಲು ಓದಿ. ‘ಸಬ್ಮಿಟೆಡ್ ಟು’ ಎಂದಿದ್ದರೆ ಅರ್ಜಿ ಹಾಕಿದ್ದಾರೆ ಎಂದರ್ಥ, ಕೆಲಸ ಸಿಕ್ಕಿದೆ ಎಂದಲ್ಲ. ‘ಅಕ್ಸೆಪ್ಟೆಡ್’ ಎಂದಿದ್ದರೂ ಅದನ್ನು ಬರೆದವರು ಲೇಖಕರೇ, ಆದ್ದರಿಂದ ಆಯಾ ಎಐ ಸಮ್ಮೇಳನದ ಪ್ರಬಂಧಗಳು ಸಿಗುವ ಮೂಲ ತಾಣದಲ್ಲೇ ಹುಡುಕಿ: ನ್ಯೂರಿಪ್ಸ್‌ಗೆ ಅದರದೇ ಪ್ರೊಸೀಡಿಂಗ್ಸ್ ತಾಣ, ಐಸಿಎಂಎಲ್‌ಗೆ ಪಿಎಂಎಲ್‌ಆರ್, ಭಾಷೆಯ ಕೆಲಸಕ್ಕೆ ಎಸಿಎಲ್ ಆಂಥಾಲಜಿ, ಐಸಿಎಲ್‌ಆರ್‌ಗೆ ಓಪನ್‌ರಿವ್ಯೂ. ಎಲ್ಲವೂ ಉಚಿತ. ಹೆಸರಿನ ಪಕ್ಕ ‘ವರ್ಕ್‌ಶಾಪ್’ ಎಂದಿದೆಯೇ ಗಮನಿಸಿ. ಅದು ಮುಖ್ಯ ಸಮ್ಮೇಳನವಲ್ಲ, ಅಲ್ಲಿನ ಜರಡಿ ಸಾಮಾನ್ಯವಾಗಿ ಸಡಿಲ. ಓಪನ್‌ರಿವ್ಯೂನಲ್ಲಿ ತಿರಸ್ಕೃತವಾದವೂ ಕಾಣಸಿಗುತ್ತವೆ, ಹಾಗಾಗಿ ಪುಟ ಇದ್ದರೆ ಸಾಲದು, ‘ಡಿಸಿಷನ್’ ಓದಬೇಕು. ಜೊತೆಗೆ ವಿಮರ್ಶಕರ ಟಿಪ್ಪಣಿಗಳನ್ನೂ ಓದಿ. ಪ್ರಬಂಧದ ಹುಳುಕು ಎಲ್ಲಿದೆ ಎಂದು ನಿಮಗಿಂತ ಮೊದಲೇ ಯಾರೋ ಪುಕ್ಕಟೆಯಾಗಿ ಹುಡುಕಿಟ್ಟಿರುತ್ತಾರೆ.

ಆರ್ಕೈವ್ ಪುಟದ ಕೆಳಗಡೆ ‘ಸಬ್ಮಿಷನ್ ಹಿಸ್ಟರಿ’ ಇರುತ್ತದೆ. ಮೇಲೆ ಹೇಳಿದ 1706.03762, ಅಂದರೆ ಇಂದಿನ ಎಐ ಭಾಷಾ ಮಾದರಿಗಳಿಗೆ ತಳಹದಿಯಾದ ಟ್ರಾನ್ಸ್‌ಫಾರ್ಮರ್ ವಿನ್ಯಾಸದ ಪ್ರಬಂಧ, 2017ರ ಜೂನ್‌ನಲ್ಲಿ ಬಂತು. 2023ರ ಆಗಸ್ಟ್ ಹೊತ್ತಿಗೆ ಅದರ ಏಳನೇ ಆವೃತ್ತಿ ಏರಿತ್ತು. ಆವೃತ್ತಿಗಳ ನಡುವೆ ಕೋಷ್ಟಕದ ಅಂಕಿ ಬದಲಾಗಿರಬಹುದು. ಆ ಪ್ರಬಂಧ 2017ರ ನಿಪ್ಸ್‌ನಲ್ಲಿ ಪ್ರಕಟವಾಗಿದೆ; ನ್ಯೂರಿಪ್ಸ್‌ನ ಆಗಿನ ಹೆಸರು ಅದೇ. ಉಲ್ಲೇಖಿಸಬೇಕಾದದ್ದು ಅದನ್ನು.

ಪ್ರಿಪ್ರಿಂಟ್ ಎಂದರೆ ಕಸ ಎಂದು ನಾನು ಹೇಳುತ್ತಿಲ್ಲ. ರೋಬರ್ಟಾ ಎಂಬ ಎಐ ಭಾಷಾ ಮಾದರಿಯ ಪ್ರಬಂಧ 2020ರ ಐಸಿಎಲ್‌ಆರ್‌ನಲ್ಲಿ ತಿರಸ್ಕೃತವಾಯಿತು, ಆದರೂ ಈ ಕ್ಷೇತ್ರದವರು ಅದನ್ನು ಧಾರಾಳವಾಗಿ ಬಳಸಿದರು. ಪ್ರಕಟಿತ ರೂಪ ಸಿಗದಿದ್ದರೆ ‘ಆರ್ಕೈವ್ ಪ್ರಿಪ್ರಿಂಟ್’ ಎಂದೇ ಬರೆಯಿರಿ, ಓದಿದ ಆವೃತ್ತಿಯ ಸಂಖ್ಯೆ ಸೇರಿಸಿ. ಜರ್ನಲ್ ಎಂಬ ಜಾಗ ಖಾಲಿ ಇರಲಿ.