ಅಬ್ಲೇಶನ್ ಆದ ಮೇಲೆ ಯಾವ ಮಾತ್ರೆ ನಿಲ್ಲಿಸಬಹುದು?

ಏಟ್ರಿಯಲ್ ಫಿಬ್ರಿಲೇಶನ್ ಎಂಬ ಎದೆಬಡಿತದ ತೊಂದರೆಗೆ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಅಬ್ಲೇಶನ್ ಚಿಕಿತ್ಸೆ ಮಾಡಿಸಿಕೊಂಡು ಕಾಪು, ಬೈಂದೂರು ಕಡೆಯ ಮನೆಗೆ ಮರಳಿದವರನ್ನು ತಿಂಗಳು ಕಳೆಯುವಷ್ಟರಲ್ಲಿ ಒಂದು ಪ್ರಶ್ನೆ ಕಾಡತೊಡಗುತ್ತದೆ: ಎದೆಬಡಿತ ಸರಿಯಾಯಿತಲ್ಲ, ಇನ್ನೂ ಈ ಮಾತ್ರೆಗಳೇಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಔಷಧಿ ಅಂಗಡಿಯ ಆ ಕವರಿನಲ್ಲಿರುವ ಮಾತ್ರೆಗಳ ಕೆಲಸ ಬೇರೆ ಬೇರೆಯಾಗಿರುವುದರಿಂದ, ನಿಲ್ಲಿಸುವ ಕಾಲವೂ ಬೇರೆ ಬೇರೆ.

ಏಟ್ರಿಯಲ್ ಫಿಬ್ರಿಲೇಶನ್ ಇದ್ದಾಗ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಲಯವಾಗಿ ಸಂಕುಚಿಸದೆ ಬರಿದೇ ಅದುರುತ್ತಿರುತ್ತವೆ. ಇದನ್ನು ಹೊತ್ತಿಸುವ ಕಿಡಿಗಳು ಹೆಚ್ಚಾಗಿ ಶ್ವಾಸಕೋಶದಿಂದ ರಕ್ತ ತರುವ ಅಭಿಧಮನಿಗಳಲ್ಲಿ ಹುಟ್ಟುತ್ತವೆಂದು 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಐಸಾಗೇರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ಹಾಯಿಸಿ, ಆ ಅಭಿಧಮನಿಗಳ ಬಾಯಿಯ ಸುತ್ತಲಿನ ಅಂಗಾಂಶವನ್ನು ಸುಟ್ಟೋ ಅತಿಶೀತದಿಂದಲೋ ನಿಷ್ಕ್ರಿಯಗೊಳಿಸುವುದೇ ಅಬ್ಲೇಶನ್. ಗಾಯ ಮಾಗಿ ಕಲೆಗಟ್ಟಲು ವಾರಗಳು ಹಿಡಿಯುವುದರಿಂದ, ಮೊದಲ ಎರಡು ಮೂರು ತಿಂಗಳಲ್ಲಿ ಬಡಿತ ಮತ್ತೆ ತಪ್ಪಿದರೂ ಚಿಕಿತ್ಸೆ ಸೋತಿತೆಂದು ವೈದ್ಯರು ಎಣಿಸುವುದಿಲ್ಲ.

ಅಮಿಯೋಡರೋನ್, ಫ್ಲೆಕೈನೈಡ್‌ನಂಥ ಲಯದ ಮಾತ್ರೆಗಳನ್ನು ಈ ಅವಧಿಯನ್ನು ದಾಟಿಸಲೆಂದೇ ಬಹಳ ಮಂದಿಗೆ ಮುಂದುವರಿಸುತ್ತಾರೆ. ಬಡಿತ ನೆಟ್ಟಗಿದ್ದರೆ ಆಮೇಲೆ ನಿಲ್ಲಿಸುತ್ತಾರೆ. ಅಮಿಯೋಡರೋನ್ ಥೈರಾಯ್ಡ್, ಶ್ವಾಸಕೋಶ, ಯಕೃತ್ತಿಗೆ ತೊಂದರೆ ಕೊಡಬಲ್ಲದ್ದಾದ್ದರಿಂದ ಅದನ್ನು ಬಿಡುವ ದಿನವನ್ನು ರೋಗಿಯೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಬಡಿತದ ವೇಗ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರ ಥಟ್ಟನೆ ಬಿಡುವಂಥದ್ದಲ್ಲ. ಬಿಟ್ಟರೆ ಹೃದಯ ಓಡತೊಡಗುತ್ತದೆ, ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಎದೆನೋವೂ ಬರಬಹುದು. ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು.

ನನಗೆ ಅತಿ ಹೆಚ್ಚು ಕಳವಳ ಇರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಬಗ್ಗೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಕಿರುಚೀಲವೊಂದರಲ್ಲಿ ರಕ್ತ ನಿಂತು ಗಡ್ಡೆಯಾಗಿ, ಅದು ಮಿದುಳಿಗೆ ಸಿಡಿದರೆ ಪಾರ್ಶ್ವವಾಯು. ಅಬ್ಲೇಶನ್‌ನ ಗಾಯ ಹಸಿಯಾಗಿರುವಾಗ ಈ ಅಪಾಯ ಇನ್ನಷ್ಟು ಹೆಚ್ಚುವುದರಿಂದ ಯುರೋಪಿನ ಮಾರ್ಗಸೂಚಿ ಕನಿಷ್ಠ 2 ತಿಂಗಳು, ಅಮೆರಿಕದ್ದು ಕನಿಷ್ಠ 3 ತಿಂಗಳು ಈ ಮಾತ್ರೆಯನ್ನು ಎಲ್ಲರಿಗೂ ಹೇಳುತ್ತದೆ. ಅಲ್ಲಿಂದ ಮುಂದೆ ನೋಡುವುದು ಬಡಿತವನ್ನಲ್ಲ, ಆ ವ್ಯಕ್ತಿಯ ಪಾರ್ಶ್ವವಾಯು ಅಪಾಯವನ್ನು. ಬಿ.ಪಿ.ಗೆ 1 ಅಂಕ, ಸಕ್ಕರೆ ಕಾಯಿಲೆಗೆ 1, ವಯಸ್ಸು 75 ತುಂಬಿದ್ದರೆ 2, ಹಿಂದೆ ಪಾರ್ಶ್ವವಾಯು ಆಗಿದ್ದರೆ ಮತ್ತೆ 2 ಎಂದು ವೈದ್ಯರು ಕೂಡಿಸುತ್ತಾರೆ. ಬಿ.ಪಿ., ಸಕ್ಕರೆ ಎರಡೂ ಇರುವ 76ರ ಅಜ್ಜನಿಗೆ ಅಲ್ಲಿಗೇ 4 ಅಂಕ. ಅವರ ನಾಡಿ ಎಷ್ಟೇ ಹದವಾಗಿದ್ದರೂ ಮಾತ್ರೆ ಸಾಮಾನ್ಯವಾಗಿ ಮುಂದುವರಿಯುತ್ತದೆ. ಬೇರೆ ಕಾಯಿಲೆಯಿಲ್ಲದ 45ರ ಮಗನ ಲೆಕ್ಕವೇ ಬೇರೆ. "ನನಗೇನೂ ಆಗುತ್ತಿಲ್ಲ" ಎಂಬ ಅನುಭವವನ್ನು ನಂಬಿಕೊಳ್ಳಲಾಗದು, ಏಕೆಂದರೆ ಚಿಕಿತ್ಸೆಯ ನಂತರ ಮರಳುವ ಫಿಬ್ರಿಲೇಶನ್ ಎಷ್ಟೋ ಸಲ ಎದೆಗೆ ಸುಳಿವನ್ನೇ ಕೊಡುವುದಿಲ್ಲ. ಬಡಿತವನ್ನು ಒಂದು ದಿನ ಬಿಡದೆ ದಾಖಲಿಸುವ ಹೋಲ್ಟರ್ ಪರೀಕ್ಷೆಗೂ ಅದು ತಪ್ಪಿಹೋಗಬಹುದು.

ಈ ವಿಷಯದಲ್ಲಿ ಅರಿವು ಬದಲಾಗುತ್ತಲೂ ಇದೆ. 2025ರಲ್ಲಿ ಪ್ರಕಟವಾದ, 840 ಮಂದಿಯ ದಕ್ಷಿಣ ಕೊರಿಯಾದ ಅಧ್ಯಯನದಲ್ಲಿ, ಅಬ್ಲೇಶನ್ ಆಗಿ ಕನಿಷ್ಠ ಒಂದು ವರ್ಷ ಬಡಿತ ತಪ್ಪದವರಲ್ಲಿ ಮಾತ್ರೆ ನಿಲ್ಲಿಸಿದವರಿಗೆ ಪಾರ್ಶ್ವವಾಯು ಮತ್ತು ತೀವ್ರ ರಕ್ತಸ್ರಾವ ಎರಡೂ ಸೇರಿದ ಹಾನಿ ಕಡಿಮೆ ಕಂಡಿತು. ಇದು ಆಶಾದಾಯಕ, ಆದರೆ ಅವರೆಲ್ಲ ಪರೀಕ್ಷೆಗೊಳಗಾಗಿ ವರ್ಷ ಕಾದವರು, ತಾವಾಗಿಯೇ ಮಾತ್ರೆ ಬಿಟ್ಟವರಲ್ಲ.

ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ತೀವ್ರವಾಗಿ ಕಿರಿದಾದವರಿಗೆ ಈ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಅವರಿಗೆ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳಲ್ಲಿ ವಾರ್ಫರಿನ್ ಬೇಕೇ ಬೇಕು. ವಾರ್ಫರಿನ್ ಜೊತೆ ಅಮಿಯೋಡರೋನ್ ತೆಗೆದುಕೊಳ್ಳುತ್ತಿದ್ದು ಎರಡನೆಯದನ್ನು ನಿಲ್ಲಿಸಿದರೆ, ವಾರ್ಫರಿನ್‌ನ ಪ್ರಭಾವ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ವಾರ್ಫರಿನ್ ಪ್ರಭಾವವನ್ನು ತಗ್ಗಿಸಬಲ್ಲ ಬಸಳೆ, ಹರಿವೆಯ ಊಟ ಎಂದಿನಂತೆ ಒಂದೇ ಅಳತೆಯಲ್ಲಿದ್ದರೂ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ತಿಳಿಸುವ ಐಎನ್‌ಆರ್ 2ಕ್ಕಿಂತ ಕೆಳಗೆ ಜಾರಬಹುದಾದ್ದರಿಂದ, ಆ ತಿಂಗಳುಗಳಲ್ಲಿ ರಕ್ತಪರೀಕ್ಷೆಯನ್ನು ಮೊದಲಿಗಿಂತ ಬೇಗಬೇಗ ಮಾಡಿಸಿ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ.