ಹಳೇ ಫೋಟೊದ ಕಪ್ಪು ಕಲೆ

'ಇದು ಹತ್ತೊಂಬತ್ತನೇ ಶತಮಾನದ ಪ್ರದರ್ಶನದ ಫೋಟೊ. ಮೂರ್ತಿಯ ಕೆನ್ನೆ ಮೇಲೆ ಕಪ್ಪು ಕಲೆ ಇದೆ, ನೋಡಿ. ಈಗಿರೋದರಲ್ಲಿ ಇಲ್ಲ. ಯಾರೋ ಮೂರ್ತಿಯನ್ನೇ ಬದಲಾಯಿಸಿದ್ದಾರೆ!'

ಹಳೇ ಫೋಟೊಗಳ ಜೊತೆ ಕೆಲಸ ಮಾಡುವ ನನಗೆ, ಫೋಟೊ ಹಿಡಿದು ಬರುವವರಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬದಲಾಯಿಸಿಲ್ಲ. ಬಹುಶಃ. (ಬಹುಶಃ ಅನ್ನುವುದು ನಮ್ಮ ಕಸುಬಿನ ಚಾಳಿ, ಕ್ಷಮಿಸಿ.)

ಕಪ್ಪು ಬಿಳುಪು ಫೋಟೊ ಅಂದರೆ ನಮ್ಮ ಕಣ್ಣು ಕಂಡದ್ದೇ, ಬಣ್ಣ ಒಂದು ಇಲ್ಲ ಅಷ್ಟೆ, ಅಂದುಕೊಳ್ಳುತ್ತೇವೆ. ಹಾಗಲ್ಲ. ಆಗ ಫಿಲ್ಮಿನ ಬದಲು ಕ್ಯಾಮೆರಾದಲ್ಲಿ ಇಡುತ್ತಿದ್ದ ಪ್ಲೇಟಿಗೆ ನೀಲಿ, ನೇರಳೆ ಬೆಳಕು ಮಾತ್ರ ಚೆನ್ನಾಗಿ ನಾಟುತ್ತಿತ್ತು. ಹಳದಿ ಅಷ್ಟಕ್ಕಷ್ಟೆ. ಕೆಂಪಿಗಂತೂ ಅದು ಕುರುಡು. ಅಮೃತಶಿಲೆಯಲ್ಲಿ ಕಬ್ಬಿಣದ ಅಂಶದಿಂದ ಒಂದು ತೆಳು ಹಳದಿ ಛಾಯೆ ಇದ್ದರೆ ನಾವು ಗಮನಿಸುವುದೂ ಇಲ್ಲ. ಪ್ಲೇಟಿಗೆ ಅದೇ ಮಸಿ ಬಳಿದಂತೆ. ಪ್ಲಾಸ್ಟರ್ ಎರಕಕ್ಕೆ ಬಳಿದ ಅರಗು ಹಳದಿಗೆ ತಿರುಗಿದ್ದರೂ ಇದೇ ಪಾಡು. ಇನ್ನೊಂದು ಸಲ ಹೇಳುತ್ತೇನೆ: ಫೋಟೊದಲ್ಲಿ ಕಪ್ಪಗಿದೆ ಅಂದರೆ ಕಲ್ಲು ಕಪ್ಪಗಿತ್ತು ಅಂತಲ್ಲ. ಅಲ್ಲಿಂದ ನೀಲಿ ಬೆಳಕು ಕಮ್ಮಿ ಬಂತು ಅಂತ.

ಪ್ಲೇಟಿಗೆ ಡೈ, ಅಂದರೆ ಬಣ್ಣದ ಪದಾರ್ಥ, ಸೇರಿಸಿದರೆ ಹಸಿರು, ಹಳದಿಯನ್ನೂ ಹಿಡಿಯುತ್ತದೆ ಎಂದು ಜರ್ಮನ್ ರಸಾಯನಶಾಸ್ತ್ರಜ್ಞ ಹರ್ಮನ್ ಫೋಗೆಲ್ ಕಂಡುಕೊಂಡದ್ದು 1873ರಲ್ಲಿ. ಕೆಂಪನ್ನೂ ಹಿಡಿಯುವ ಪ್ಲೇಟು ಅಂಗಡಿಗೆ ಬರಲು 1906 ಆಗಬೇಕಾಯಿತು. ಅಂದರೆ ಲಂಡನ್ನಿನ 1851ರ ಮಹಾ ಪ್ರದರ್ಶನ, 1862ರ ಪ್ರದರ್ಶನ, ಎರಡರ ಫೋಟೊಗಳೂ ನೀಲಿ ಒಂದನ್ನೇ ನೆಚ್ಚಿಕೊಂಡವು. 1862ರಲ್ಲಿ ಶಿಲ್ಪಿ ಜಾನ್ ಗಿಬ್ಸನ್‌ನ ಬಣ್ಣದ ವೀನಸ್, ಅಂದರೆ ಬಣ್ಣ ಬಳಿದ ಅಮೃತಶಿಲೆಯ ದೇವತೆ ಮೂರ್ತಿ, ಅಲ್ಲಿತ್ತು. ಹೊಂಬಣ್ಣದ ಕೂದಲು, ನೀಲಿ ಕಣ್ಣು. ಅಂಥ ಪ್ಲೇಟಿನಲ್ಲಿ ಕೂದಲು ಕಪ್ಪಿಗೆ ಜಾರುತ್ತದೆ, ಕಣ್ಣು ಬೆಳ್ಳಗಾಗುತ್ತದೆ. ಜನ ವಾದ ಮಾಡಿದ್ದೇ ಆ ಬಣ್ಣದ ಬಗ್ಗೆ. ಫೋಟೊ ಮಾತ್ರ ನೋಡಿದವರಿಗೆ ಜಗಳ ಯಾತಕ್ಕೆ ಅಂತಾನೇ ತಿಳಿಯದು!

ಫೋಟೊಗ್ರಫಿಯ ಆದಿಪುರುಷರಲ್ಲಿ ಒಬ್ಬರಾದ ಇಂಗ್ಲೆಂಡಿನ ಟಾಲ್ಬಟ್ ಮಾತ್ರ ಜಾಣ. 1844ರಲ್ಲಿ ಗ್ರೀಕ್ ಪುರಾಣದ ವೀರ ಪಟ್ರೋಕ್ಲಸ್‌ನ ಎದೆಮಟ್ಟದ ಎರಕದ ಫೋಟೊವನ್ನು ತಮ್ಮ ಪುಸ್ತಕದಲ್ಲಿ ಪ್ರಕಟಿಸಿದರು. ಬಿಳಿ ಪ್ಲಾಸ್ಟರ್, ಅಲುಗಾಡುವ ಪ್ರಶ್ನೆಯಿಲ್ಲ. ನೇರ ಬಿಸಿಲಲ್ಲಿ ನೆರಳು ಗಡುಸಾಗುತ್ತದೆ, ಮೋಡದ ದಿನವೇ ವಾಸಿ ಅಂತಲೂ ಬರೆದರು. ನಾನು ಇದನ್ನು ಓದಿದಾಗಲೆಲ್ಲ, ಆ ಮನುಷ್ಯ ಎಷ್ಟು ಎರಕ ಹಾಳು ಬಿಸಿಲಲ್ಲಿ ಇಟ್ಟು ನೋಡಿರಬೇಕು ಅನ್ನಿಸುತ್ತದೆ.

ಒಬ್ಬ ಹಿರಿಯರು ಒಮ್ಮೆ ಇಡೀ ಮಧ್ಯಾಹ್ನ ನನ್ನ ಜೊತೆ ವಾದಿಸಿದರು. ಕೊನೆಗೆ ಮೂರ್ತಿಯ ಹೊಸ ಕಲರ್ ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದು, ನೀಲಿ ಚಾನೆಲ್, ಅಂದರೆ ಚಿತ್ರದ ನೀಲಿ ಬೆಳಕಿನ ಪಾಲು, ಒಂದನ್ನೇ ಉಳಿಸಿ ತೋರಿಸಿದೆ. ಕೆನ್ನೆ ಮೇಲೆ ಕಲೆ ಮೂಡಿತು. ಅದೇ ಜಾಗ, ಅದೇ ಆಕಾರ. ನಿಮಗೂ ಅನುಮಾನವಿದ್ದರೆ ಮೊದಲು ಇದನ್ನು ಮಾಡಿ ನೋಡಿ. ಹಾಗಂತ ಪ್ರತಿ ಕಲೆಯೂ ಹೀಗೇ ಅಂತ ನಾನು ಹೇಳುವುದಿಲ್ಲ. ಕೆಲವು ನಿಜವಾಗಿಯೂ ಕೊಳೆ. ಕೆಲವು ನೆಗೆಟಿವ್ ಮೇಲಿನ ಬೆರಳಚ್ಚು.

ಹಿರಿಯರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಚೀಲದಿಂದ ಇನ್ನೊಂದು ಫೋಟೊ ತೆಗೆದರು. 'ಸರಿ, ಇದರಲ್ಲಿ ಬಲಗೈ ಎಡಗಡೆ ಇದೆಯಲ್ಲ?'

ಅದು ಡಾಗೆರೋಟೈಪ್, ನೆಗೆಟಿವ್ ಇಲ್ಲದೆ ಲೋಹದ ತಗಡಿನ ಮೇಲೇ ಮೂಡುತ್ತಿದ್ದ ಹಳೇ ಬಗೆಯ ಫೋಟೊ. ಕನ್ನಡಿಯ ಹಾಗೆ ತಿರುಗುಮುರುಗು. ಸಂಜೆಯೂ ಹೋಯಿತು.