ಚಿರತೆ ಹಿಡಿದು ದೊಡ್ಡ ಕಾಡಿಗೆ ಬಿಟ್ಟರೆ ಆಯಿತಲ್ಲ?

ಪ್ರಶ್ನೆ: ಕೊರಟಗೆರೆ ಕಡೆ ತೋಟದ ಮನೆಯಲ್ಲಿದ್ದೇವೆ. ಮೂರು ತಿಂಗಳಲ್ಲಿ ಎರಡು ಸಲ ಚಿರತೆ ಕಂಡಿದೆ, ಒಂದು ನಾಯಿಯೂ ಹೋಯಿತು. ಬೋನಿಟ್ಟು ಹಿಡಿದು ಬಂಡೀಪುರದಂಥ ಕಾಡಿಗೆ ಬಿಟ್ಟರೆ ಮುಗಿಯಿತಲ್ಲ? ಅದು ಬೇಡ ಅನ್ನುವವರು ಯಾಕೆ ಹಾಗನ್ನುತ್ತಾರೆ?

ಉತ್ತರ: ಮೊದಲು ಭಯದ ಮಾತು. 2019ರ ಕೊನೆ, 2020ರ ಶುರುವಿನಲ್ಲಿ ನಿಮ್ಮ ತುಮಕೂರು ಜಿಲ್ಲೆಯ ಹೆಬ್ಬೂರು, ಗುಬ್ಬಿ ಸೀಮೆಯಲ್ಲಿ ಚಿರತೆ ಬಾಯಿಗೆ ಸಿಕ್ಕಿ ಮಕ್ಕಳೂ ಸೇರಿ ಹಲವರು ಸತ್ತರು. ಅದನ್ನು ಕಂಡ ಜಿಲ್ಲೆಯವರಿಗೆ "ಹೆದರಬೇಡಿ" ಅನ್ನುವುದು ಸರಿಯಲ್ಲ. ಮನುಷ್ಯರ ಮೇಲೆ ಬೀಳುವ ಚಿರತೆಯನ್ನು ಹಿಡಿಯಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ, ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯೊಂದಿಗೆ, ಅದಕ್ಕೆ ಅವಕಾಶವೂ ಇದೆ. ಆದರೆ ನಿಮ್ಮ ತೋಟದಲ್ಲಿ ಸುಮ್ಮನೆ ಹಾದುಹೋದ ಚಿರತೆಯ ವಿಷಯ ಬೇರೆ.

ಪುಣೆ ಜಿಲ್ಲೆಯ ಜುನ್ನರ್ ಕಬ್ಬಿನ ಸೀಮೆ. ಅಲ್ಲಿ 2001ರಲ್ಲಿ ಶುರುಮಾಡಿ ಚಿರತೆಗಳನ್ನು ಸಾಲುಸಾಲಾಗಿ ಹಿಡಿದು ಕಾಡುಗಳಿಗೆ ಬಿಟ್ಟರು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ, ಆಮೇಲೆ 17ಕ್ಕೆ ಏರಿತು. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ ಇದು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಚಿರತೆಗೆ ನೀರು ಎಲ್ಲಿ, ಮರೆ ಎಲ್ಲಿ, ಜನ ಓಡಾಡುವ ಹೊತ್ತು ಯಾವುದು ಒಂದೂ ತಿಳಿಯದು. ಅಲ್ಲಿ ಮೊದಲೇ ನೆಲೆ ಮಾಡಿಕೊಂಡ ಚಿರತೆಗಳು ಅದನ್ನು ನಿಲ್ಲಗೊಡುವುದಿಲ್ಲ. ಇತ್ತ ನಿಮ್ಮೂರಲ್ಲಿ ತೆರವಾದ ಜಾಗಕ್ಕೆ, ತಾಯಿಯಿಂದ ಬೇರೆಯಾಗಿ ನೆಲೆ ಹುಡುಕುತ್ತಿರುವ ಎಳೇ ಗಂಡೊಂದು ಬಂದು ಸೇರುತ್ತದೆ. ಹಳೆಯದು ನಿಮ್ಮ ನಡೆನುಡಿ ಬಲ್ಲದ್ದು, ಹೊಸದಕ್ಕೆ ಅದೂ ಗೊತ್ತಿಲ್ಲ.

ಅಹ್ಮದ್‌ನಗರ ಜಿಲ್ಲೆಯಲ್ಲಿ 2009ರಲ್ಲಿ ಬಾವಿಗೆ ಬಿದ್ದ ಒಂದು ಗಂಡು ಚಿರತೆಯನ್ನು ಎತ್ತಿ, ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಮಾಳ್‌ಶೇಜ್ ಘಾಟಿಯಲ್ಲಿ ಬಿಟ್ಟರು. ಅದಕ್ಕೆ ಅಜೋಬಾ, ಅಂದರೆ ಅಜ್ಜ, ಎಂದು ಹೆಸರು. ಅದು ಹೆದ್ದಾರಿ, ರೈಲು ಹಳಿ ದಾಟಿ, ಊರುಗಳ ಪಕ್ಕದಲ್ಲೇ ಹಾದು ಸುಮಾರು 120 ಕಿಲೋಮೀಟರ್ ನಡೆದು ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸೇರಿತು. ದಾರಿಯಲ್ಲಿ ಒಬ್ಬರನ್ನೂ ಮುಟ್ಟಲಿಲ್ಲ. 2011ರಲ್ಲಿ ಮುಂಬೈ–ಅಹಮದಾಬಾದ್ ಹೆದ್ದಾರಿ ದಾಟುವಾಗ ವಾಹನಕ್ಕೆ ಸಿಕ್ಕಿ ಸತ್ತಿತು. ಆ ಅಜ್ಜನನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ನಿಮ್ಮ ಸೀಮೆಗೆ ಬರೋಣ. ಕಾಡಿನಿಂದ ಊರಿಗೆ ಬಂತು ಅನ್ನುತ್ತೇವೆ. ಆದರೆ ದೇವರಾಯನದುರ್ಗ, ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ ಎಲ್ಲವೂ ಬಿಡಿಬಿಡಿ ಗುಡ್ಡಗಳು, ನಡುವೆ ರಾಗಿ ಹೊಲ, ಅಡಿಕೆ ತೋಟ, ಊರು. ಬಂಡೆ ಸಂದಿಯಲ್ಲಿ ಮರಿ ಹಾಕುವ ಚಿರತೆಗೆ ಒಂದು ಗುಡ್ಡ ಸಾಲದು. ಮರಿ ಬೆಳೆದ ಮೇಲೆ ಇನ್ನೊಂದು ಗುಡ್ಡಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಅಲ್ಲಲ್ಲೇ ರಕ್ತಸಂಬಂಧದಲ್ಲಿ ಕೂಡಿ ಸಂತತಿ ಕುಗ್ಗುತ್ತದೆ. ಹೋಗುವ ದಾರಿ ಅಂದರೆ ಹಳ್ಳ, ಕೆರೆ ಅಂಗಳ, ಗೋಮಾಳ, ಪೊದೆ ಬೆಳೆದ ಬದು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ಹಾದುಹೋಗುವ ಜಯಮಂಗಲಿ ಹೊಳೆಯ ದಡ ಇಂಥದ್ದೇ ದಾರಿ. ಮರಳು ಬಗೆದು, ದಡ ಒತ್ತುವರಿ ಮಾಡಿ, ಗುಡ್ಡಕ್ಕೆ ಕ್ರಷರ್ ಹಾಕಿದರೆ ಚಿರತೆ ನಡೆಯುವುದನ್ನು ಬಿಡುವುದಿಲ್ಲ, ನಿಮ್ಮ ಹಿತ್ತಲಲ್ಲಿ ನಡೆಯುತ್ತದೆ.

ಇದೇ ಹೊಳೆಯ ಹೆಸರಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿದೆ, ಸುಮಾರು 798 ಎಕರೆ. ಕೃಷ್ಣಮೃಗಕ್ಕೆ ಬೇಕಾದ್ದು ಬಯಲು ಹುಲ್ಲುಗಾವಲು. ಹಸಿರು ಮಾಡುತ್ತೇವೆಂದು ಅಲ್ಲಿ ಮರ ನೆಟ್ಟು ಒತ್ತಾಗಿಸಿದರೆ ಅದರ ಮನೆಯೇ ಹೋದಂತೆ. ಆದ್ದರಿಂದ ದಾರಿ ಉಳಿಸುವುದೆಂದರೆ ಎಲ್ಲ ಕಡೆ ಗಿಡ ನೆಡುವುದಲ್ಲ.

ಕಳೆದ ಮಾಗಿಯಲ್ಲಿ ಮಧುಗಿರಿ ಕಡೆ ಒಂದು ಕುರಿರೊಪ್ಪ ನೋಡಿದೆ. ಗೋಡೆ ಆಳೆತ್ತರ, ಬಾಗಿಲು ಗಟ್ಟಿ, ಮೇಲೆ ಮಾತ್ರ ಬಟಾಬಯಲು. "ಬಾಗ್ಲು ಹಾಕೇ ಇತ್ತು ಕಣಪ್ಪ, ಮ್ಯಾಲಿಂದ ಇಳೀತು" ಎಂದರು ಅಜ್ಜಿ. ಮೂರು ಕುರಿ ಹೋಗಿದ್ದವು. ಹೊರಗೆ ಹಳ್ಳದ ಒದ್ದೆ ಮರಳಲ್ಲಿ ಹೆಜ್ಜೆ ಸ್ಪಷ್ಟವಾಗಿತ್ತು: ದುಂಡನೆಯ ಅಂಗಾಲು, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿಯದಾದರೆ ಉಗುರು ಚುಚ್ಚಿದ್ದು ಕಾಣುತ್ತದೆ. ಆಮೇಲೆ ಅವರ ಮಗ ಮೇಲಕ್ಕೆ ಕಬ್ಬಿಣದ ಕೊಳವೆ ಹಾಸಿ ತಂತಿ ಬಲೆ ಬಿಗಿದ. ನಾನು ಮತ್ತೆ ಹೋದಾಗ ಒಂದು ಕುರಿಯೂ ಕಡಿಮೆಯಾಗಿರಲಿಲ್ಲ.

ನಿಮ್ಮ ನಾಯಿಯ ವಿಷಯವೂ ಇದಕ್ಕೇ ಸೇರಿದ್ದು. ಮಹಾರಾಷ್ಟ್ರದ ಅಕೋಲೆಯ ಬೇಸಾಯದ ಸೀಮೆಯಲ್ಲಿ ಚಿರತೆ ತಿಂದ ಆಹಾರದ ತೂಕದಲ್ಲಿ ಶೇ. 87 ಸಾಕುಪ್ರಾಣಿಗಳದು, ನಾಯಿಯೊಂದೇ ಶೇ. 39. ಕೋಳಿ ಅಂಗಡಿಯ ಕಸ ಊರಾಚೆ ಸುರಿದಲ್ಲಿ ನಾಯಿ ಹೆಚ್ಚುತ್ತವೆ, ನಾಯಿ ಹೆಚ್ಚಿದಲ್ಲಿಗೆ ಚಿರತೆ ಬರುತ್ತದೆ. ನಾಯಿಯನ್ನು ರಾತ್ರಿ ಒಳಗೆ ಕಟ್ಟಿ, ಹೊರಗೆ ಸರಪಳಿಯಲ್ಲಿ ಬಿಡಬೇಡಿ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ, ನೀರು ಕಟ್ಟಲು ಹೋಗುವಾಗ ಜೊತೆಗೊಬ್ಬರಿರಲಿ, ಟಾರ್ಚ್ ಇರಲಿ, ಜೋರಾಗಿ ಮಾತಾಡುತ್ತಾ ಹೋಗಿ. ಹಗಲಲ್ಲಿ ಕಂಡರೆ ಊರವರೆಲ್ಲ ಸೇರಿ ಸುತ್ತುವರಿಯಬೇಡಿ. ತಪ್ಪಿಸಿಕೊಳ್ಳಲು ದಾರಿ ಸಿಗದ ಚಿರತೆ ಎದುರಿಗೆ ಬಂದವರ ಮೇಲೆ ಬೀಳುತ್ತದೆ.

ರಸ್ತೆಯ ಮಾತು ಉಳಿಯಿತು. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಹಾದುಹೋಗುವ ಹೆದ್ದಾರಿ 44 ಮಹಾರಾಷ್ಟ್ರದ ಪೆಂಚ್ ಕಾಡನ್ನೂ ಹಾಯುತ್ತದೆ. ಅಲ್ಲಿ ಪ್ರಾಣಿಗಳಿಗೆಂದೇ ರಸ್ತೆಯಡಿ ಒಂಬತ್ತು ಕೆಳದಾರಿ ಬಿಟ್ಟಿದ್ದಾರೆ. 2019ರಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಹುಲಿ ಸೇರಿ 18 ಜಾತಿಯ ಕಾಡುಪ್ರಾಣಿಗಳು ಅವುಗಳಲ್ಲಿ ಓಡಾಡುತ್ತಿದ್ದವು. ನಮ್ಮ ಕಡೆ ಅಷ್ಟು ದೊಡ್ಡದು ಸದ್ಯಕ್ಕೆ ಬರಲಾರದು, ಆದರೆ ರಸ್ತೆಯಡಿ ಹಳ್ಳ ಹರಿಯಲು ಹಾಕಿದ ಮೋರಿಗಳು ಇವೆ. ಬೇಸಿಗೆಯಲ್ಲಿ ಒಣಗಿದ ಮೋರಿಯಲ್ಲಿ ಮುಂಗುಸಿ, ನರಿ, ಕಾಡುಬೆಕ್ಕು ದಾಟುವುದನ್ನು ಕುರಿ ಕಾಯುವವರು ಹೇಳುತ್ತಾರೆ. ನಿಮ್ಮೂರ ಮೋರಿಗೆ ಹೋಗಿ ಇಣುಕಿ ನೋಡಿ. ಪ್ಲಾಸ್ಟಿಕ್ಕು, ಕೋಳಿ ಪುಕ್ಕ ತುಂಬಿದ್ದರೆ ಪಂಚಾಯ್ತಿಗೆ ಹೇಳಿ ಮಳೆಗಾಲಕ್ಕೆ ಮೊದಲೇ ತೆಗೆಸಿ. ಗ್ರಾಮಸಭೆಯಲ್ಲಿ ಹಳ್ಳ ಮತ್ತು ಗೋಮಾಳದ ಸರ್ವೆ ಕೇಳಿ, ಒಬ್ಬರೇ ಅಲ್ಲ, ಅಕ್ಕಪಕ್ಕದ ತೋಟದವರನ್ನೂ ಕರೆದುಕೊಂಡು ಹೋಗಿ.